ಒಂದೇ ಶಬ್ದದ ರೋಗಿ, ಮಾತಿನ ನೆಲೆ ಕಂಡ ವೈದ್ಯ

ಪಿಯೆರ್ ಪಾಲ್ ಬ್ರೋಕಾ (1824–1880)

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಂಜಾನೆ ಬೆಂಗಳೂರಿನ ರೈಲಿಗೆ ಕಾದು ನಿಂತವರ ಮಾತಿಗೆ ಕಿವಿಗೊಟ್ಟರೆ ಒಂದು ಸೋಜಿಗ ಅನುಭವಕ್ಕೆ ಬರುತ್ತದೆ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರಿಗಾಂ ಕಡೆಯಿಂದ ಬಂದ ಒಬ್ಬನೇ ವ್ಯಕ್ತಿ ಗೆಳೆಯನೊಂದಿಗೆ ತಮಿಳಿನಲ್ಲಿ, ಹೂವಿನವಳೊಂದಿಗೆ ತೆಲುಗಿನಲ್ಲಿ, ಟಿಕೆಟ್ ಕೌಂಟರಿನಲ್ಲಿ ಕನ್ನಡದಲ್ಲಿ, ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಆತ ತಡವರಿಸುವುದಿಲ್ಲ. ದಾಟಿದ್ದು ಆತನ ಗಮನಕ್ಕೂ ಬಂದಿರುವುದಿಲ್ಲ.

ಈ ಭಾಷಾಸಂಪತ್ತು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಗಣಿಯೇ ಕೊಟ್ಟ ಬಳುವಳಿ. ತಮಿಳು ಸೀಮೆಯಿಂದ ಬಂದ ಕೂಲಿಕಾರರು, ಆಂಧ್ರದ ಗಡಿಯಿಂದ ಬಂದ ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಉರ್ದು ಮಾತನಾಡುವ ವ್ಯಾಪಾರಿಗಳು, ಇಂಗ್ಲಿಷ್ ಮನೆಮಾತಿನ ಆಂಗ್ಲೋ ಇಂಡಿಯನ್ನರು ಒಂದೇ ಊರಿನಲ್ಲಿ ನೆಲೆಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋದರೂ ಭಾಷೆಗಳು ಉಳಿದವು.

ಇಂಥ ಮನೆಯೊಂದರಲ್ಲಿ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ, ಅದರೊಂದಿಗೆ ಮಾತೂ ನಿಂತುಹೋಗುವುದುಂಟು. ನಾಲ್ಕು ಭಾಷೆ ಬಲ್ಲ ನಾಲಿಗೆ ಒಮ್ಮೆಗೇ ಮೂಕವಾಗುತ್ತದೆ. ಮಾತು ಹೋದವರಿಗೆ ಬುದ್ಧಿಯೂ ಹೋಯಿತೆಂದು ಮನೆಯವರು ತಿಳಿಯುತ್ತಾರೆ. ಎದುರಿಗೇ ಅವರ ವಿಷಯವನ್ನು ಅವರಿಲ್ಲವೆಂಬಂತೆ ಚರ್ಚಿಸುತ್ತಾರೆ. ಈ ತಿಳಿವಳಿಕೆ ತಪ್ಪೆಂಬುದನ್ನು ಒಂದೂವರೆ ಶತಮಾನಕ್ಕೂ ಹಿಂದೆ, ಒಂದೇ ಒಂದು ಶಬ್ದ ಉಳಿದಿದ್ದ ರೋಗಿಯೊಬ್ಬನ ಹಾಸಿಗೆಯ ಪಕ್ಕದಲ್ಲಿ ನಿಂತು ಕಂಡುಕೊಂಡವರು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ. ಮಿದುಳಿನಲ್ಲಿ ಮಾತಿನ ನೆಲೆಯನ್ನು ಮೊದಲು ಗುರುತಿಸಿ ತೋರಿಸಿದವರೆಂದು ವೈದ್ಯಶಾಸ್ತ್ರ ಇಂದಿಗೂ ಅವರನ್ನು ನೆನೆಯುತ್ತದೆ. ಆ ಭಾಗಕ್ಕೆ ಅವರದೇ ಹೆಸರಿದೆ.

ವೈದ್ಯನ ಮಗ ವೈದ್ಯ

ಬ್ರೋಕಾ ಹುಟ್ಟಿದ್ದು 1824ರ ಜೂನ್ 28ರಂದು, ಬೋರ್ಡೊ ನಗರಕ್ಕೆ ಸಮೀಪದ ಸಾಂತ್ ಫ್ವಾ ಲಾ ಗ್ರಾಂದ್ ಎಂಬ ಸಣ್ಣ ಪಟ್ಟಣದಲ್ಲಿ. ಅದು ದೊರ್ದೋನ್ ನದಿಯ ದಂಡೆಯ ಊರು. ತಂದೆ ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯರಾಗಿ ದುಡಿದು ಊರಿಗೆ ಮರಳಿದವರು. ತಾಯಿ ಪ್ರಾಟೆಸ್ಟೆಂಟ್ ಧರ್ಮಬೋಧಕರ ಮಗಳು. ಕ್ಯಾಥೊಲಿಕರೇ ಬಹುಸಂಖ್ಯಾತರಾಗಿದ್ದ ದೇಶದಲ್ಲಿ ಅಲ್ಪಸಂಖ್ಯಾತ ಪಂಗಡದ ಮನೆಯಲ್ಲಿ ಬೆಳೆದ ಹುಡುಗನಿಗೆ ಒಪ್ಪಿತ ನಂಬಿಕೆಗಳನ್ನು ಪ್ರಶ್ನಿಸುವ ಸ್ವಭಾವ ಎಳವೆಯಲ್ಲೇ ಬಂದಿತ್ತು.

ಹದಿನೇಳನೆಯ ವಯಸ್ಸಿಗೆ ಪ್ಯಾರಿಸ್ಸಿನ ವೈದ್ಯಕೀಯ ಶಾಲೆ ಸೇರಿದ ಬ್ರೋಕಾ 1849ರಲ್ಲಿ ಡಾಕ್ಟರೇಟ್ ಪಡೆದರು. ಸೂಕ್ಷ್ಮದರ್ಶಕವನ್ನು ಅನೇಕ ಹಿರಿಯ ವೈದ್ಯರು ಇನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಅವರು ಅದನ್ನು ಹಿಡಿದು ಅರ್ಬುದ ರೋಗವನ್ನು ಅಭ್ಯಾಸ ಮಾಡಿದರು. ರೋಗದ ಕೋಶಗಳು ರಕ್ತನಾಳದ ಮೂಲಕ ಹರಡಬಲ್ಲವೆಂಬುದನ್ನು ಅರಿತರು. ಮೂಳೆಯ ರೋಗಗಳು, ಸ್ನಾಯು ಕ್ಷಯಿಸುವ ರೋಗಗಳ ಬಗೆಗೂ ಬರೆದರು. 1857ರಲ್ಲಿ ಅವರು ಮದುವೆಯಾದದ್ದು ವೈದ್ಯ ಲುಗೋಲ್ ಅವರ ಮಗಳನ್ನು. ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಲುಗೋಲ್ ಅಯೋಡಿನ್ ದ್ರಾವಣ ಆ ಮಾವನ ಹೆಸರಿನದೇ.

1859ರಲ್ಲಿ ಬ್ರೋಕಾ ಹತ್ತೊಂಬತ್ತು ಮಂದಿಯನ್ನು ಕೂಡಿಸಿಕೊಂಡು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘವನ್ನು ಕಟ್ಟಿದರು. ಮನುಷ್ಯನ ಹುಟ್ಟನ್ನು ಧರ್ಮದ ಹೊರಗೆ ನಿಂತು ಚರ್ಚಿಸುವ ಕೂಟ ಆಗಿನ ಸರ್ಕಾರಕ್ಕೆ ಅಪಾಯಕಾರಿಯಾಗಿ ಕಂಡಿತು. ಸಭೆಗಳಲ್ಲಿ ಪೊಲೀಸ್ ಪ್ರತಿನಿಧಿಯೊಬ್ಬ ಕುಳಿತಿರುತ್ತಿದ್ದ. ಮಾತಿನ ನೆಲೆಯ ಪ್ರಶ್ನೆ ಇತ್ಯರ್ಥದ ಹಂತಕ್ಕೆ ಬಂದದ್ದು ಇದೇ ಸಂಘದ ವೇದಿಕೆಯಲ್ಲಿ.

ಮಿದುಳು ಒಂದೋ, ಹಲವೋ?

ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ಮೇಲುನೋಟಕ್ಕೆ ಅಕ್ರೋಟಿನ ತಿರುಳಿನಂತೆ ಮಡಿಕೆ ಮಡಿಕೆಯಾಗಿ ಕಾಣುವ ಅದು ಎಡ ಮತ್ತು ಬಲ ಎಂಬ ಎರಡು ಅರ್ಧಗೋಳಗಳಾಗಿ ಸೀಳಿಕೊಂಡಿದೆ. ಎರಡನ್ನೂ ನರತಂತುಗಳ ದಪ್ಪ ಸೇತುವೆಯೊಂದು ಬೆಸೆದಿದೆ. ಒಂದೊಂದು ಅರ್ಧದಲ್ಲಿಯೂ ನಾಲ್ಕು ಹಾಲೆಗಳು. ಹಣೆಯ ಹಿಂದಿನದು ಮುಂಭಾಗದ ಹಾಲೆ, ನೆತ್ತಿಯ ಕೆಳಗಿನದು ಮೇಲ್ಭಾಗದ ಹಾಲೆ, ಕಿವಿಯ ಬದಿಯದು ಪಾರ್ಶ್ವದ ಹಾಲೆ, ತಲೆಯ ಹಿಂಬದಿಯದು ಹಿಂಭಾಗದ ಹಾಲೆ. ಇವುಗಳ ಅಡಿಯಲ್ಲಿ ಹಿಂದಕ್ಕೆ ಕಿರುಮಿದುಳು, ಅದರ ಮುಂದೆ ಬೆನ್ನುಹುರಿಗೆ ಇಳಿಯುವ ಮಿದುಳಿನ ಕಾಂಡ. ಎಡ ಅರ್ಧ ದೇಹದ ಬಲಭಾಗವನ್ನೂ ಬಲ ಅರ್ಧ ಎಡಭಾಗವನ್ನೂ ಆಳುತ್ತದೆ.

ಈ ರಚನೆಯ ಬಹುಭಾಗ ಬ್ರೋಕಾ ಕಾಲಕ್ಕೆ ತಿಳಿದಿತ್ತು. ತಿಳಿಯದೇ ಇದ್ದದ್ದು ಕೆಲಸದ ಹಂಚಿಕೆ. ಮಿದುಳು ಇಡಿಯಾಗಿ ದುಡಿಯುತ್ತದೆಯೇ ಅಥವಾ ಒಂದೊಂದು ಭಾಗಕ್ಕೂ ಬೇರೆ ಬೇರೆ ಹೊಣೆ ಇದೆಯೇ? ಶತಮಾನದ ಆರಂಭದಲ್ಲಿ ಗಾಲ್ ಎಂಬ ವೈದ್ಯರು ತಲೆಬುರುಡೆಯ ಉಬ್ಬುಗಳಿಂದ ಮನುಷ್ಯನ ಗುಣ ಹೇಳಬಹುದೆಂದು ಸಾರಿದ್ದರು, ಮಾತಿನ ಶಕ್ತಿಯನ್ನು ಕಣ್ಣುಗಳ ಹಿಂದೆ ಇರಿಸಿದ್ದರು. ಬುರುಡೆ ಮುಟ್ಟಿ ಭವಿಷ್ಯ ಹೇಳುವವರ ಕೈಗೆ ಸಿಕ್ಕ ಆ ವಿದ್ಯೆ ನಗೆಪಾಟಲಾಯಿತು. ಅದರೊಂದಿಗೆ, ಮಿದುಳಿನ ಭಾಗಗಳಿಗೆ ಬೇರೆ ಬೇರೆ ಕೆಲಸವಿದೆ ಎಂಬ ಮಾತೂ ಅಪಹಾಸ್ಯಕ್ಕೆ ಗುರಿಯಾಯಿತು. ಬುಯೊ ಎಂಬ ಹಿರಿಯ ವೈದ್ಯರು ಮಾತ್ರ ಪಟ್ಟು ಬಿಡಲಿಲ್ಲ. ಮುಂಭಾಗದ ಹಾಲೆಗಳು ತೀವ್ರವಾಗಿ ಹಾಳಾಗಿದ್ದರೂ ಮಾತು ಕೆಡದ ರೋಗಿಯನ್ನು ತೋರಿಸಿದವರಿಗೆ 500 ಫ್ರಾಂಕ್ ಕೊಡುವುದಾಗಿ 1848ರಲ್ಲಿ ಪಂಥ ಕಟ್ಟಿದರು.

1861ರ ವಸಂತದಲ್ಲಿ ಈ ವಿವಾದ ಮಾನವಶಾಸ್ತ್ರ ಸಂಘದಲ್ಲಿ ಕಾವೇರಿತು. ಗ್ರಾಸಿಯೋಲೆ ಎಂಬ ವಿದ್ವಾಂಸರು ಮಿದುಳು ಅಖಂಡವೆಂದು ವಾದಿಸಿದರೆ, ಬುಯೊ ಅವರ ಅಳಿಯ ಓಬುರ್ತಾಂ ಮಾತಿಗೆ ತನ್ನದೇ ಜಾಗವಿದೆ ಎಂದರು. ಬ್ರೋಕಾ ಎರಡೂ ಪಕ್ಷಗಳನ್ನು ಕೇಳಿಸಿಕೊಳ್ಳುತ್ತಿದ್ದರು. ತೀರ್ಮಾನಕ್ಕೆ ಬೇಕಾದ ಸಾಕ್ಷಿ ಕೆಲವೇ ದಿನಗಳಲ್ಲಿ ಅವರ ವಾರ್ಡಿಗೇ ಬಂದಿತು.

ಆರು ದಿನಗಳ ಪರಿಚಯ

ಪ್ಯಾರಿಸ್ಸಿನ ದಕ್ಷಿಣ ಅಂಚಿನಲ್ಲಿದ್ದ ಬಿಸೆತ್ರ್ ಆಸ್ಪತ್ರೆ ವೃದ್ಧರು, ನಿರ್ಗತಿಕರು, ದೀರ್ಘಕಾಲದ ರೋಗಿಗಳ ಆಶ್ರಯತಾಣ. ಬ್ರೋಕಾ ಅಲ್ಲಿ ಶಸ್ತ್ರವೈದ್ಯರಾಗಿದ್ದರು. 1861ರ ಏಪ್ರಿಲ್ 11ರಂದು ಕಾಲು ಕೊಳೆಯುತ್ತಿದ್ದ 51 ವರ್ಷದ ರೋಗಿಯೊಬ್ಬನನ್ನು ಅವರ ವಿಭಾಗಕ್ಕೆ ಕರೆತರಲಾಯಿತು. ಆತನ ಹೆಸರು ಲೆಬೋರ್ನ್. ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ತಾನ್ ಎಂದು. ಏನು ಕೇಳಿದರೂ ಆತ ಹೇಳುತ್ತಿದ್ದುದು ತಾನ್ ತಾನ್ ಎಂಬ ಶಬ್ದವೊಂದನ್ನೇ.

ಲೆಬೋರ್ನ್‌ಗೆ ಎಳೆಯ ವಯಸ್ಸಿನಿಂದ ಮೂರ್ಛೆರೋಗವಿತ್ತು. ಆದರೂ ದುಡಿದು ಬದುಕುತ್ತಿದ್ದ. ಪಾದರಕ್ಷೆ ಹೊಲಿಯುವವರಿಗೆ ಬೇಕಾದ ಮರದ ಅಚ್ಚು ಕೆತ್ತುವುದು ಆತನ ಕಸುಬು. ಮೂವತ್ತರ ಹೊತ್ತಿಗೆ ಮಾತು ಹೋಯಿತು. ಆಸ್ಪತ್ರೆ ಸೇರಿದವನು ಇಪ್ಪತ್ತೊಂದು ವರ್ಷ ಅಲ್ಲೇ ಉಳಿದ. ಹತ್ತು ವರ್ಷದ ಬಳಿಕ ಬಲಗೈ ಸೋತಿತು, ಆಮೇಲೆ ಬಲಗಾಲು. ಕೊನೆಯ ಏಳು ವರ್ಷ ಹಾಸಿಗೆಯೇ ಗತಿಯಾಯಿತು. ಸಿಡುಕನೆಂದು, ಕಳ್ಳನೆಂದು ಸಹರೋಗಿಗಳು ಆತನನ್ನು ದ್ವೇಷಿಸುತ್ತಿದ್ದರು.

ರೋಗಿ ಬದುಕುವುದಿಲ್ಲವೆಂದು ಬ್ರೋಕಾ ಬಲ್ಲರು. ಆದರೂ ಆತನನ್ನು ಮಾತನಾಡಿಸಿದರು. ಆತ ಕೇಳಿದ್ದನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಿದ್ದ. ಧ್ವನಿಯ ಏರಿಳಿತದಿಂದಲೂ ಎಡಗೈ ಸನ್ನೆಯಿಂದಲೂ ಉತ್ತರಿಸುತ್ತಿದ್ದ. ಬಿಸೆತ್ರ್‌ಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದಾಗ ಎಡಗೈಯ ಐದು ಬೆರಳುಗಳನ್ನು ನಾಲ್ಕು ಬಾರಿ ಬಿಚ್ಚಿ, ಕೊನೆಗೆ ಒಂದು ಬೆರಳು ತೋರಿಸಿದ. ಲೆಕ್ಕ ಸರಿಯಾಗಿ ಇಪ್ಪತ್ತೊಂದು. ಮರುದಿನ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಸಲ ಅದೇ ಪ್ರಶ್ನೆ ಬಂದಾಗ, ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಅರಿತು ಸಿಟ್ಟಿಗೆದ್ದ. ಕೋಪ ಬಂದಾಗ ಮಾತ್ರ ಹೊರಬರುತ್ತಿದ್ದ ಬೈಗುಳವೊಂದು ಆತನ ಬಾಯಿಂದ ಸಲೀಸಾಗಿ ಹೊರಟಿತು. ಗಂಟಲಿಗಾಗಲಿ ನಾಲಿಗೆಗಾಗಲಿ ಏನೂ ಆಗಿಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಎಡ ಅರ್ಧಗೋಳದ ಮುಂಭಾಗದ ಹಾಲೆಯ ಕೆಳ ಮಡಿಕೆಯ ಹಿಂಬದಿಯಲ್ಲಿ ಹಳೆಯ ಗಾಯವೊಂದು ಕುಳಿಯಾಗಿ ಕಂಡಿತು. ಮರುದಿನವೇ ಬ್ರೋಕಾ ಆ ಮಿದುಳನ್ನು ಸಂಘದ ಮುಂದಿರಿಸಿದರು. ಅದನ್ನು ಕತ್ತರಿಸಿ ನೋಡದೆ ಇಡಿಯಾಗಿ ಮದ್ಯಸಾರದಲ್ಲಿ ಕಾಪಿಟ್ಟರು. ಆ ಸಂಯಮದ ಫಲ ದೊರೆತದ್ದು ಒಂದೂವರೆ ಶತಮಾನದ ಬಳಿಕ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಜ್ಞಾನಿಗಳು ಅದೇ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿರಿಸಿ, ಗಾಯ ಬ್ರೋಕಾ ಎಣಿಸಿದ್ದಕ್ಕಿಂತ ಆಳಕ್ಕೆ ಇಳಿದಿತ್ತೆಂದು ಕಂಡುಕೊಂಡರು.

ಮಣ್ಣು ಅಗೆಯುವವನ ಐದು ಪದ

ಒಂದು ಉದಾಹರಣೆಯಿಂದ ಸಿದ್ಧಾಂತ ಆಗುವುದಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ ಎರಡನೆಯ ರೋಗಿ ಬಂದ. ಲೆಲಾಂಗ್ ಎಂಬ 84 ವರ್ಷದ ಮುದುಕ, ಒಂದು ಕಾಲದಲ್ಲಿ ಮಣ್ಣು ಅಗೆದು ಬದುಕಿದ ಕೂಲಿಕಾರ. ತೊಡೆಯ ಮೂಳೆ ಮುರಿದು ಆಸ್ಪತ್ರೆಗೆ ಸೇರಿದ್ದ. ಅದಕ್ಕೂ ಮೊದಲೇ ಲಕ್ವದಿಂದ ಮಾತು ಕಳೆದುಕೊಂಡಿದ್ದ. ಉಳಿದದ್ದು ಐದೇ ಪದ. ಹೌದು, ಇಲ್ಲ, ಯಾವಾಗಲೂ, ಮೂರು ಮತ್ತು ತುಂಡಾಗಿ ಹೊರಡುವ ತನ್ನದೇ ಹೆಸರು. ಎಲ್ಲ ಸಂಖ್ಯೆಗೂ ಆತ ಬಳಸುತ್ತಿದ್ದುದು ಮೂರು ಎಂಬ ಪದವನ್ನೇ. ಆದರೆ ಮಕ್ಕಳೆಷ್ಟು ಎಂದು ಕೇಳಿದಾಗ ಬಾಯಲ್ಲಿ ಮೂರು ಎನ್ನುತ್ತ ಕೈಯಲ್ಲಿ ನಾಲ್ಕು ಬೆರಳು ತೋರಿಸಿದ. ನಾಲ್ಕೇ ಸರಿಯಾದ ಉತ್ತರ. ಪದ ತಪ್ಪಿತ್ತು, ಲೆಕ್ಕ ತಪ್ಪಿರಲಿಲ್ಲ. ನವೆಂಬರಿನಲ್ಲಿ ಆತ ಸತ್ತಾಗ ಗಾಯ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಕಂಡಿತು.

1863ರ ಹೊತ್ತಿಗೆ ಬ್ರೋಕಾ ಬಳಿ ಇಂಥ ಎಂಟು ಉದಾಹರಣೆಗಳಿದ್ದವು. ಎಂಟರಲ್ಲಿಯೂ ಗಾಯವಿದ್ದದ್ದು ಎಡಗಡೆಯೇ. ದೇಹದ ಎರಡು ಬದಿಗಳು ಸಮಾನವೆಂದು ನಂಬಿದ್ದ ಅಂಗರಚನಾಶಾಸ್ತ್ರಕ್ಕೆ ಇದು ಒಗ್ಗದ ಸಂಗತಿ. ಎರಡು ವರ್ಷ ಕಾದು, ಇನ್ನಷ್ಟು ರೋಗಿಗಳನ್ನು ಕಂಡು, 1865ರಲ್ಲಿ ಬ್ರೋಕಾ ಮಾತಿನ ಕೆಲಸ ಮುಖ್ಯವಾಗಿ ಎಡ ಅರ್ಧಗೋಳದ್ದು ಎಂದು ಘೋಷಿಸಿದರು. ದಕ್ಷಿಣ ಫ್ರಾನ್ಸಿನ ವೈದ್ಯ ಮಾರ್ಕ್ ಡಾಕ್ಸ್ 1836ರಲ್ಲೇ ಇದನ್ನು ಬರೆದಿಟ್ಟಿದ್ದರೆಂದು ಅವರ ಮಗ ಗುಸ್ತಾವ್ ಡಾಕ್ಸ್ ಆ ಹೊತ್ತಿಗೆ ಹಕ್ಕು ಮಂಡಿಸಿದ್ದರು. ಮೊದಲಿಗರು ಯಾರೆಂಬ ಜಗಳ ಇಂದಿಗೂ ಪೂರ್ಣವಾಗಿ ತೀರಿಲ್ಲ.

ಮಾತು ಮತ್ತು ಬಲಗೈ ಒಟ್ಟೊಟ್ಟಿಗೆ ಕೈಕೊಡುವ ರಹಸ್ಯವೂ ಇದರಲ್ಲೇ ಅಡಗಿದೆ. ಎಡ ಅರ್ಧಗೋಳದಲ್ಲಿ ಮಾತಿನ ಭಾಗಕ್ಕೂ ಬಲಗೈ ಮತ್ತು ಮುಖವನ್ನು ಆಡಿಸುವ ಭಾಗಕ್ಕೂ ರಕ್ತ ಒದಗಿಸುವುದು ಒಂದೇ ದೊಡ್ಡ ರಕ್ತನಾಳದ ಕವಲುಗಳು. ಆ ನಾಳ ಕಟ್ಟಿಕೊಂಡರೆ ಎರಡೂ ಸೊರಗುತ್ತವೆ.

ಬ್ರೋಕಾ ಅಲ್ಲಿಗೆ ನಿಲ್ಲಲಿಲ್ಲ. ಎಡಭಾಗ ಕೆಟ್ಟವರಿಗೆ ಬಲಭಾಗವೇಕೆ ಮಾತು ಕಲಿಯಬಾರದು ಎಂದು ಕೇಳಿದರು. ತಾಯಿ ಮಗುವಿಗೆ ಕಲಿಸುವ ತಾಳ್ಮೆಯಿಂದ ಅಂಥ ರೋಗಿಗಳಿಗೆ ಕಲಿಸಿದರೆ ಫಲ ಸಿಕ್ಕೀತೆಂದು ಎಣಿಸಿದರು. ಇಂದು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕೇಂದ್ರಗಳಲ್ಲಿ ನಡೆಯುವ ವಾಕ್ ಚಿಕಿತ್ಸೆಯ ಬೀಜ ಆ ಆಲೋಚನೆಯಲ್ಲೂ ಇದೆ.

1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ತುದಿಯನ್ನು ಹಿಡಿದರು. ಎಡ ಪಾರ್ಶ್ವದ ಹಾಲೆಯ ಹಿಂಬದಿ ಕೆಟ್ಟರೆ ಮಾತು ನಿಲ್ಲುವುದಿಲ್ಲ, ಧಾರಾಳವಾಗಿ ಹರಿಯುತ್ತದೆ. ಆದರೆ ಅರ್ಥ ಇರುವುದಿಲ್ಲ, ಪರರ ಮಾತೂ ತಿಳಿಯುವುದಿಲ್ಲ. ಈ ಎರಡು ನೆಲೆಗಳಲ್ಲದೆ ಅವುಗಳ ನಡುವಿನ ನರತಂತುಗಳೂ ಇನ್ನೂ ಹಲವು ಭಾಗಗಳೂ ಕೂಡಿ ದುಡಿದರೆ ಮಾತ್ರ ಮಾತು ಎಂಬುದು ಇಂದಿನ ತಿಳಿವಳಿಕೆ.

ತಕ್ಕಡಿ ತಪ್ಪಿದಾಗ

ಬ್ರೋಕಾ ಬದುಕಿಗೆ ಕತ್ತಲ ಮುಖವೂ ಇತ್ತು. ರೋಗಿಯ ಬೆರಳು ಎಣಿಸಿ ಸತ್ಯ ಕಂಡವರು, ಬುರುಡೆ ಅಳೆಯಲು ಕುಳಿತು ದಾರಿ ತಪ್ಪಿದರು. ಮಿದುಳು ದೊಡ್ಡದಾದಷ್ಟೂ ಬುದ್ಧಿ ಹೆಚ್ಚೆಂಬುದು ಅವರ ದೃಢ ನಂಬಿಕೆ. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ತೂಗಿದ 292 ಗಂಡಸರ ಮಿದುಳಿನ ಸರಾಸರಿ 1,325 ಗ್ರಾಂ, 140 ಹೆಂಗಸರದು 1,144 ಗ್ರಾಂ ಎಂದು ಲೆಕ್ಕ ಸಿಕ್ಕಿತು. ಹೆಣ್ಣಿನ ಮೈಗಾತ್ರ ಚಿಕ್ಕದೆಂಬುದು ಅವರಿಗೆ ತಿಳಿದಿತ್ತು. ಆದರೂ ವ್ಯತ್ಯಾಸದ ಒಂದು ಪಾಲನ್ನು ಬುದ್ಧಿಯ ಕೊರತೆಯ ಖಾತೆಗೆ ಬರೆದರು. ಬಿಳಿಯರನ್ನು ಮೇಲಿಟ್ಟು ಉಳಿದ ಜನಾಂಗಗಳನ್ನು ಕೆಳಗಿಡುವ ಆ ಕಾಲದ ಪೂರ್ವಗ್ರಹಕ್ಕೂ ಅವರ ಅಳತೆಗಳು ಊರುಗೋಲಾದವು. ಈ ಲೆಕ್ಕಗಳಲ್ಲಿ ತೀರ್ಮಾನ ಮೊದಲು ಬಂದು ಅಂಕಿಗಳು ಅದರ ಹಿಂದೆ ನಡೆದವೆಂದು ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1981ರಲ್ಲಿ ವಿವರವಾಗಿ ತೋರಿಸಿದರು.

ಒಬ್ಬನೇ ಮನುಷ್ಯನಲ್ಲಿ ಈ ಎರಡೂ ಹೇಗೆ ಕೂಡಿದ್ದವು? ಲೆಬೋರ್ನ್ ಮತ್ತು ಲೆಲಾಂಗ್ ಎದುರು ಬ್ರೋಕಾ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿದ್ದರು. ಬುರುಡೆಗಳ ಎದುರು ಉತ್ತರ ಮೊದಲೇ ಅವರ ಬಳಿ ಇತ್ತು. ಅವರ ಕೀರ್ತಿಯನ್ನೂ ಅಪಕೀರ್ತಿಯನ್ನೂ ಬೇರ್ಪಡಿಸುವ ಗೆರೆ ಇದೇ.

1880ರಲ್ಲಿ ಬ್ರೋಕಾ ಫ್ರಾನ್ಸಿನ ಸೆನೆಟ್‌ಗೆ ಆಜೀವ ಸದಸ್ಯರಾಗಿ ಆಯ್ಕೆಯಾದರು. ಆ ಗೌರವ ಹೆಚ್ಚು ದಿನ ಉಳಿಯಲಿಲ್ಲ. ಜುಲೈ 9ರಂದು, 56ನೆಯ ವಯಸ್ಸಿನಲ್ಲಿ, ಹಠಾತ್ತನೆ ನಿಧನರಾದರು. ಅವರ ಮಿದುಳನ್ನೂ ತೆಗೆದು ತೂಗಿದರು. 1,424 ಗ್ರಾಂ ಬಂದಿತು, ಅಸಾಧಾರಣವೆನ್ನುವಂಥದ್ದಲ್ಲ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗೆ ಕಾಲಿಟ್ಟದ್ದೂ ಅದೇ 1880ರಲ್ಲಿ. ಐದು ಭಾಷೆಗಳ ಊರು ಬೆಳೆಯತೊಡಗಿದ್ದು ಆಮೇಲೆ.

ಯಾವ ಭಾಷೆ ಮೊದಲು ಮರಳುತ್ತದೆ?

ಒಂದೇ ಭಾಷೆಯ ರೋಗಿಗಳನ್ನು ಕಂಡ ಬ್ರೋಕಾ ಬಿಟ್ಟುಹೋದ ಒಂದು ಪ್ರಶ್ನೆ ಇಂಥ ಊರಿನವರದು. ಹಲವು ಭಾಷೆ ಬಲ್ಲವರಿಗೆ ಲಕ್ವ ಹೊಡೆದರೆ ಯಾವುದು ಉಳಿಯುತ್ತದೆ? ಮೊದಲು ಕಲಿತದ್ದೆಂದು ಫ್ರಾನ್ಸಿನ ರಿಬೋ ಹೇಳಿದರು. ಹೆಚ್ಚು ಬಳಸುವುದೆಂದು ಅದೇ ದೇಶದ ಪಿತ್ರ್ 1895ರಲ್ಲಿ ಹೇಳಿದರು. ಎರಡಕ್ಕೂ ಉದಾಹರಣೆಗಳಿವೆ, ಎರಡನ್ನೂ ಮೀರಿದವೂ ಇವೆ. ಅನೇಕರಲ್ಲಿ ಎಲ್ಲ ಭಾಷೆಗಳೂ ಜೊತೆಜೊತೆಯಾಗಿ ಮರಳುತ್ತವೆ. ಎಳವೆಯಲ್ಲೇ ಕಲಿತ ಎರಡು ಭಾಷೆಗಳು ಬ್ರೋಕಾ ಭಾಗದಲ್ಲಿ ಒಂದೇ ಜಾಗ ಹಂಚಿಕೊಂಡರೆ, ದೊಡ್ಡವರಾದ ಮೇಲೆ ಕಲಿತದ್ದು ಪಕ್ಕದಲ್ಲಿ ಬೇರೆ ಜಾಗ ಹಿಡಿಯುತ್ತದೆಂದು 1997ರ ಅಮೆರಿಕದ ಅಧ್ಯಯನವೊಂದು ಸೂಚಿಸಿತು.

ನೆರೆಯ ಹೈದರಾಬಾದಿನಿಂದ ಬಂದ ಸುದ್ದಿ ಗಣಿ ಸೀಮೆಗೆ ಇನ್ನೂ ಹತ್ತಿರದ್ದು. ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮರೆವಿನ ರೋಗದ 648 ಮಂದಿಯನ್ನು ಅಭ್ಯಾಸ ಮಾಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆಯೆತ್ತಿತ್ತು. ಇದು ಪ್ರಕಟವಾದದ್ದು 2013ರಲ್ಲಿ. ಲಕ್ವ ಹೊಡೆದ 608 ಮಂದಿಯ ಬಗೆಗಿನ 2016ರ ವರದಿಯ ಪ್ರಕಾರ, ಬುದ್ಧಿಶಕ್ತಿ ಮೊದಲಿನಂತೆ ಉಳಿದದ್ದು ಬಹುಭಾಷಿಕರಲ್ಲಿ ಶೇ. 40ರಷ್ಟು, ಏಕಭಾಷಿಕರಲ್ಲಿ ಶೇ. 20ರಷ್ಟು. ಮಾತು ಹೋಗುವ ಪ್ರಮಾಣದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಭಾಷೆಗಳ ಸಂಪತ್ತು ಬುದ್ಧಿಗೆ ಕಾವಲಾದರೂ ನಾಲಿಗೆಗೆ ಆಗದು.

ಆದ್ದರಿಂದ ಸಮಯ ಮುಖ್ಯ. ಮುಖ ಓರೆಯಾಗಿ, ಕೈ ಸೋತು, ಮಾತು ತೊದಲಿದೊಡನೆ ಆಸ್ಪತ್ರೆ ಸೇರಬೇಕು. ರಕ್ತದ ಗಡ್ಡೆ ಕರಗಿಸುವ ಔಷಧ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಕ್ಕರೆ ಮಾತ್ರ ಪ್ರಯೋಜನಕಾರಿ. ಆ ಗಳಿಗೆ ಮೀರಿದವರಿಗೆ ವಾಕ್ ಚಿಕಿತ್ಸೆ ಇದೆ, ಮನೆಯವರ ತಾಳ್ಮೆ ಇದೆ.

ಮಾತು ನಿಂತ ಹಿರಿಯರ ಮುಂದೆ ಕುಳಿತವರಿಗೆ ಬ್ರೋಕಾ ಬಿಟ್ಟುಹೋದ ಪಾಠ ಸರಳವಾದದ್ದು. ಉತ್ತರ ಬಾಯಿಂದಲೇ ಬರಬೇಕಾಗಿಲ್ಲ. ಬೆರಳುಗಳನ್ನು ನೋಡಬೇಕು. ಇಪ್ಪತ್ತೊಂದು ವರ್ಷ ತಾನ್ ಎಂಬ ಅಡ್ಡಹೆಸರಿನಲ್ಲಿ ಬದುಕಿದ ಅಚ್ಚು ಕೆತ್ತುವವನು ಆ ಇಪ್ಪತ್ತೊಂದನ್ನೂ ಎಣಿಸುತ್ತಲೇ ಇದ್ದ. ಕೇಳುವವರೊಬ್ಬರು ಬೇಕಾಗಿದ್ದರು, ಅಷ್ಟೇ.